ಮಲಗ್ಯಾನ, ಬಿಡ್ರೀ

"ಮಲಗ್ಯಾನ, ಬಿಡ್ರೀ. ಅಮಲು ಇಳಿದ ಮ್ಯಾಲೆ ತಾನೇ ಏಳ್ತಾನ."

ನಮ್ಮ ಮುದಗಲ್ಲಿನ ಓಣಿಗಳಲ್ಲಿ ಈ ಮಾತು ಕೇಳದ ಹೆಂಗಸಿಲ್ಲ. ಆಡದ ಹೆಂಗಸೂ ಇಲ್ಲವೆಂದೇ ನನ್ನ ಅಂದಾಜು. ನಾನೂ ಆಡಿದ್ದೇನೆ. ಆಡಿದ ಮೇಲೆ ಏನಾಯಿತೆಂಬುದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಹೇಳದೆ ಇದ್ದುದೇ ನನ್ನ ಎರಡನೆಯ ತಪ್ಪು ಎಂದು ಈಗ ಅನ್ನಿಸುತ್ತಿದೆ.

ಕೋಟೆಗೋಡೆಯ ಹಿಂದಿನ ಓಣಿಯ ಒಬ್ಬಾಕೆ ಸಿಂಧನೂರು ಕಡೆ ಕಾಲುವೆ ನೀರಿನ ಗದ್ದೆಗಳಿಗೆ ನಾಟಿ ಹಚ್ಚಲು ಹೋಗಿ ಬರುತ್ತಿದ್ದಳು. ಆಕೆಯ ಮಗಳು ನನ್ನ ವಿದ್ಯಾರ್ಥಿನಿ. ಒಂದು ಶನಿವಾರ ರಾತ್ರಿ, ಹತ್ತು ಹೊಡೆದಿರಬೇಕು, ಬಾಗಿಲು ಬಡಿದಳು. "ಟೀಚರ್ರೀ, ನಮ್ಮ ಮನ್ಯಾಗಿನವ್ರು ಒಂಥರಾ ಗೊರಕೀ ಹೊಡ್ಯಾಕತ್ಯಾರ. ಎಬ್ಬಿಸಿದ್ರ ಏಳವಲ್ರು. ಸ್ವಲ್ಪ ಬಂದು ನೋಡ್ರೀ." ನಾನು ಮಾರನೆಯ ದಿನದ ಸಭೆಗೆ ಭಾಷಣ ಬರೆಯುತ್ತ ಕೂತಿದ್ದೆ. ಯಾವ ಸಭೆ ಅಂತೀರಿ? ಮದ್ಯಪಾನ ನಿಷೇಧದ ಸಭೆ! ಆತ ಸಂಬಳ ಬಂದ ದಿನ ಸೇಂದಿ ಅಂಗಡಿಯ ದಾರಿ ಹಿಡಿಯುವವನೆಂದು ಇಡೀ ಓಣಿಗೆ ಗೊತ್ತಿತ್ತು. ಎದ್ದು ಹೋಗಲು ಬೇಸರವಾಯಿತು. ಸುಳ್ಳೇಕೆ, ಒಳಗೊಳಗೆ ಸಿಟ್ಟೂ ಬಂತು. "ಮಲಗ್ಯಾನ ಬಿಡವ್ವಾ, ಮುಂಜಾನೆ ಏಳ್ತಾನ" ಎಂದೆ. ಓದಿದ ಟೀಚರಮ್ಮ ಹೇಳಿದ ಮೇಲೆ ಇನ್ನೇನು, ಆಕೆ ಸಮಾಧಾನಪಟ್ಟುಕೊಂಡು ಹೋದಳು.

ಮುಂಜಾನೆ ಆತ ಏಳಲಿಲ್ಲ.

ಆ ಗೊರಕೆ ನಿದ್ದೆಯ ಗೊರಕೆಯಾಗಿರಲಿಲ್ಲ. ಪ್ರಜ್ಞೆ ತಪ್ಪಿದ ಮನುಷ್ಯನ ನಾಲಿಗೆ ಹಿಂದಕ್ಕೆ ಸರಿದು ಉಸಿರಿನ ದಾರಿ ಕಟ್ಟಿದಾಗ ಬರುವ ಸದ್ದು ಅದು ಎಂದು ನನಗೆ ತಿಳಿದದ್ದು ಬಹಳ ತಡವಾಗಿ, ಒಬ್ಬ ವೈದ್ಯರ ಬಾಯಿಂದ. ಸೇಂದಿ ಕುಡಿದವನು ಸತ್ತ, ಕರ್ಮ ತೀರಿತು ಎಂದಿತು ಓಣಿ. ಆತನ ಹೆಂಡತಿಗೆ "ಗಂಡನ್ನ ನುಂಗಿದಾಕಿ" ಎಂಬ ಬಿರುದು ಸಿಕ್ಕಿತು. ಭಾಷಣ ಬರೆಯುತ್ತಿದ್ದ ನನಗೆ ಯಾರೂ ಯಾವ ಬಿರುದನ್ನೂ ಕೊಡಲಿಲ್ಲ.

ನಮ್ಮ ರಾಯಚೂರು ಜಿಲ್ಲೆಯ ಸೇಂದಿಯೆಂದರೆ ಏನೆಂದು ಬೇರೆ ಕಡೆಯ ಓದುಗರಿಗೆ ಒಂದು ಮಾತು ಹೇಳಬೇಕು. ಈಚಲು ಮರದಿಂದ ಇಳಿಸಿದ ಹೆಂಡ ಅಂದುಕೊಂಡರೆ ಅದು ಅಜ್ಜನ ಕಾಲದ ಮಾತು. ಮರಗಳೆಲ್ಲಿವೆ ಈಗ? ಮಾರಾಟಕ್ಕೆ ನಿಷೇಧವಿದ್ದರೂ ಕದ್ದು ಮಾರುವ ಆ ಬಿಳಿ ನೀರಿನಲ್ಲಿ ಹೆಂಡ ಎಷ್ಟೋ, ನೀರು ಎಷ್ಟೋ; ಸಿಹಿಗೆ ಸ್ಯಾಕರಿನ್, ಅಮಲಿಗೆ ಸಿ.ಎಚ್. ಪೌಡರ್. ಈ ಪೌಡರ್ ಅಂದರೆ ಕ್ಲೋರಲ್ ಹೈಡ್ರೇಟ್. 1869ರಲ್ಲಿ ಜರ್ಮನಿಯಲ್ಲಿ ನಿದ್ದೆಯ ಔಷಧಿಯಾಗಿ ಬಳಕೆಗೆ ಬಂದ ರಾಸಾಯನಿಕ ಇದು. ವೈದ್ಯರು ಅಳೆದು ಕೊಡುತ್ತಿದ್ದುದನ್ನು ಇಲ್ಲಿ ಕೈಯಳತೆಯಲ್ಲಿ ಕಲಸುತ್ತಾರೆ. ಗಡಿಯಾಚೆ ತೆಲಂಗಾಣದಲ್ಲಿ ಇದರ ಜೊತೆಗೆ ಅಲ್ಪ್ರಾಜೋಲಮ್, ಡಯಜೆಪಾಮ್ ಎಂಬ ನಿದ್ದೆಮಾತ್ರೆಗಳ ಪುಡಿಯನ್ನೂ ಬೆರೆಸುತ್ತಾರೆ. ನಿನ್ನೆಯ ಚೀಲದಲ್ಲಿ ಎಷ್ಟಿತ್ತು, ಇವತ್ತಿನದರಲ್ಲಿ ಎಷ್ಟಿದೆ ಎಂಬುದು ಕುಡಿಯುವವನಿಗೆ ಗೊತ್ತಿಲ್ಲ, ಮಾರುವವನಿಗೂ ಗೊತ್ತಿಲ್ಲ. ಸಾವು ಅಡಗಿ ಕೂತಿರುವುದು ಅಲ್ಲಿಯೇ.

ಹೀಗೆ ಅಳತೆ ಗೊತ್ತಿಲ್ಲದೆ ಸಾಯುವವರು ನಮ್ಮವರು ಮಾತ್ರವಲ್ಲ. ಅಮೆರಿಕದಲ್ಲಿ ಫೆಂಟನಿಲ್ ಎಂಬ ನೋವುನಿವಾರಕ ಬೀದಿಯ ಮಾದಕವಸ್ತುಗಳಲ್ಲಿ ಬೆರೆತು ಹಾಹಾಕಾರ ಎಬ್ಬಿಸಿದೆ. ಮಾರ್ಫಿನ್‌ಗಿಂತ ಐವತ್ತರಿಂದ ನೂರು ಪಟ್ಟು ತೀಕ್ಷ್ಣವಾದ ವಸ್ತು ಅದು; ಎರಡು ಮಿಲಿಗ್ರಾಂ, ಅಂದರೆ ಉಪ್ಪಿನ ಕೆಲವು ಹರಳಿನಷ್ಟು, ಸಾಕು ಜೀವ ತೆಗೆಯಲು. 2022ರಲ್ಲಿ ಆ ದೇಶದಲ್ಲಿ ಮಾದಕವಸ್ತುಗಳ ಪ್ರಮಾಣ ಮೀರಿ ಸತ್ತವರು ಒಂದು ಲಕ್ಷಕ್ಕೂ ಹೆಚ್ಚು. ಅಷ್ಟು ಶ್ರೀಮಂತ ದೇಶ, ಅಷ್ಟು ಪೊಲೀಸರು, ಅಷ್ಟು ಜೈಲುಗಳು! ಯಾವುದೂ ತಡೆಯಲಿಲ್ಲ. ಆಗ ಅಲ್ಲಿ ಕೆಲವರು ಬೇರೆ ದಾರಿ ಹಿಡಿದರು. ಹಿಡಿದವರು ಯಾರು? ಸ್ವತಃ ಸೇವಿಸುವವರು, ಅವರ ಗೆಳೆಯರು, ಮಕ್ಕಳನ್ನು ಕಳೆದುಕೊಂಡ ತಾಯಂದಿರು. ನಿಂತ ಉಸಿರನ್ನು ಮರಳಿಸುವ ನಾಲೋಕ್ಸೋನ್ ಎಂಬ ಔಷಧಿಯನ್ನು ಶಿಕಾಗೋದಲ್ಲಿ 1996ರಿಂದಲೇ ಸೇವಿಸುವವರ ಕೈಗೇ ಕೊಟ್ಟು ಬಳಸಲು ಕಲಿಸಿದರು. ಒಬ್ಬರೇ ಇದ್ದಾಗ ಸೇವಿಸಬೇಡಿ, ಬಿದ್ದವನನ್ನು ಬಿಟ್ಟು ಓಡಬೇಡಿ ಎಂದು ಹೇಳಿಕೊಟ್ಟರು. 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಈ ಔಷಧಿ ಮನೆಯವರ ಕೈಗೆ ಸಿಗಬೇಕೆಂದಿತು. 2023ರಲ್ಲಿ ಅಮೆರಿಕ ಅದರ ಮೂಗಿನ ಸ್ಪ್ರೇಯನ್ನು ಚೀಟಿಯಿಲ್ಲದೆ ಮಾರಲು ಒಪ್ಪಿತು. 2024ರಲ್ಲಿ ಸಾವು ಸುಮಾರು 80 ಸಾವಿರಕ್ಕೆ ಇಳಿಯಿತು. ಇಳಿದದ್ದಕ್ಕೆ ಕಾರಣ ಇದೊಂದೇ ಎಂದು ನಾನು ಹೇಳುವುದಿಲ್ಲ. ಆದರೆ ಇದೂ ಒಂದು.

ನಾಲೋಕ್ಸೋನ್ ಕೆಲಸ ಮಾಡುವುದು ಅಫೀಮಿನ ಜಾತಿಯ ವಸ್ತುಗಳ ಮೇಲೆ ಮಾತ್ರ. ನಮ್ಮ ಸಿ.ಎಚ್. ಪೌಡರಿಗೆ ಅದು ತಾಗುವುದಿಲ್ಲ. ಆ ಪೌಡರಿಗೆಂದೇ ಇರುವ ಪ್ರತಿಮದ್ದು ಯಾವುದೂ ಇಲ್ಲ. ಉಸಿರು ಕಾಯುವುದೇ ಅದರ ಚಿಕಿತ್ಸೆ. ಅಂದಮೇಲೆ ಪಕ್ಕದಲ್ಲಿ ಕೂತಿರುವವರು, ಅಂದರೆ ನಾವು ಹೆಂಗಸರು, ಏನು ಬಲ್ಲೆವೆಂಬುದರ ಮೇಲೆಯೇ ಎಲ್ಲ ನಿಂತಿದೆಯಲ್ಲವೆ?

ಈ ಮಾತು ಎತ್ತಿದರೆ ನನ್ನ ಗೆಳತಿಯರೇ ನನ್ನ ಮೇಲೆ ಸಿಟ್ಟಾಗುತ್ತಾರೆ. "ಇದೇನು, ಕುಡುಕರಿಗೆ ಬೆಂಬಲವೆ? ಕುಡಿಯೋದನ್ನ ಬಿಡಿಸೋದು ಬಿಟ್ಟು ಕುಡಿದು ಬದುಕೋದು ಹ್ಯಾಂಗಂತ ಹೇಳಿಕೊಡ್ತೀರೇನು?" ಎಂದು ಒಬ್ಬರು ಮುಖಕ್ಕೆ ಹೊಡೆದಂತೆ ಕೇಳಿದರು. ನಾನು ಹೊರಗಿನವಳಲ್ಲ. 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಮದ್ಯ ನಿಷೇಧಿಸಿರೆಂದು ಚಿತ್ರದುರ್ಗದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೋದರಲ್ಲ, ಅವರಲ್ಲಿ ನಮ್ಮ ಜಿಲ್ಲೆಯವರೂ ಬಹಳ ಮಂದಿ. ಮಂಡಿನೋವಿನಿಂದಾಗಿ ಎರಡೇ ದಿನವಾದರೂ ನಾನೂ ನಡೆದಿದ್ದೇನೆ. ಆ ಹೆಂಗಸರ ಒಡೆದ ಹಿಮ್ಮಡಿಗಳನ್ನು ಕಂಡವಳು ಅವರ ಬೇಡಿಕೆಯನ್ನು ಹಗುರವಾಗಿ ಮಾತಾಡಲಾರಳು.

ಆದರೆ ನಿಷೇಧದ ಕಥೆಯನ್ನೂ ಪೂರ್ತಿ ಓದಬೇಕು. ನಮ್ಮ ರಾಜ್ಯದಲ್ಲಿ ಸಾರಾಯಿ ನಿಂತದ್ದು 2007ರ ಜುಲೈ 1ರಂದು. ಮರುವರ್ಷ ಮೇ ತಿಂಗಳಲ್ಲಿ ಬೆಂಗಳೂರು ಸುತ್ತಮುತ್ತ ಮತ್ತು ಗಡಿಯ ತಮಿಳುನಾಡಿನ ಹಳ್ಳಿಗಳಲ್ಲಿ ಕಳ್ಳಭಟ್ಟಿಗೆ ನೂರೈವತ್ತಕ್ಕೂ ಹೆಚ್ಚು ಜನ ಬಲಿಯಾದರು. ಸಾರಾಯಿ ಇದ್ದ ಕಾಲದಲ್ಲೇನು ಜನ ಸಾಯಲಿಲ್ಲವೆ? ಸತ್ತರು, 1981ರಲ್ಲಿ ಬೆಂಗಳೂರಿನಲ್ಲಿ ಮುನ್ನೂರಕ್ಕೂ ಮಿಕ್ಕಿ ಸತ್ತರು. 2015ರಲ್ಲಿ ತೆಲಂಗಾಣ ಕಲಬೆರಕೆ ಸೇಂದಿಯ ಮೇಲೆ ಒಮ್ಮೆಲೇ ದಾಳಿ ಮಾಡಿದಾಗ ಆದದ್ದೇನು? ದಿನವೂ ಕುಡಿಯುತ್ತಿದ್ದವರಿಗೆ ತಟ್ಟನೆ ನಿಂತುಹೋಗಿ ಕೈಕಾಲು ನಡುಕ, ಫಿಟ್ಸ್, ಹುಚ್ಚು ಹಿಡಿದವರಂತಹ ಬಡಬಡಿಕೆ ಶುರುವಾಗಿ ಆಸ್ಪತ್ರೆಗಳು ತುಂಬಿಹೋದವು. 2020ರ ಲಾಕ್‌ಡೌನಿನಲ್ಲಿ ಆಂಧ್ರದ ಪ್ರಕಾಶಂ ಜಿಲ್ಲೆಯಲ್ಲಿ ಜನ ಕೈ ತೊಳೆಯುವ ಸ್ಯಾನಿಟೈಸರ್ ಕುಡಿದು ಸತ್ತರು. ಅಂಗಡಿ ಮುಚ್ಚಿಸಬೇಡಿ ಎಂದು ನಾನು ಹೇಳುತ್ತಿಲ್ಲ. ಅಂಗಡಿ ಮುಚ್ಚಿಸುವ ಕೆಲಸ ನಾಳೆಯದು. ಬಿದ್ದವನ ಉಸಿರು ಈ ರಾತ್ರಿಯದು. ಸೇಂದಿ ಇದ್ದರೂ ಸಾಯುತ್ತಾರೆ, ನಿಂತರೂ ಸಾಯುತ್ತಾರೆ ಎಂದಾದರೆ ನಡುವೆ ಯಾರಾದರೊಬ್ಬರು ಎಚ್ಚರವಾಗಿರಬೇಡವೆ?

"ಉಳಿಸಿದರೆ ನಾಳೆ ಮತ್ತೆ ಕುಡೀತಾನ, ಮತ್ತೆ ಹೊಡೀತಾನ." ಈ ಮಾತಿಗೆ ನನ್ನ ಬಳಿ ಸುಲಭದ ಉತ್ತರವಿಲ್ಲ. ಹೊಡೆಸಿಕೊಂಡವಳ ಬೆನ್ನಿನ ಮುಂದೆ ನಿಂತು ಕ್ಷಮೆಯ ಉಪದೇಶ ಮಾಡುವ ಧೈರ್ಯವೂ ನನಗಿಲ್ಲ. ಹೊಡೆಯುವವನನ್ನು ಬಿಟ್ಟು ಹೋಗು, ಪೊಲೀಸರಿಗೆ ಹೇಳು, ತವರಿಗೆ ನಡೆ, ನಾನು ಜೊತೆಗಿರುತ್ತೇನೆ. ಆದರೆ ಸಾಯಗೊಡುವುದು ಬಿಡುಗಡೆಯ ದಾರಿಯಲ್ಲ. ಸತ್ತವನು ಕುಡಿತ ಬಿಡಲಾರ. ಉಳಿದವನು ಬಿಟ್ಟದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇನ್ನೊಂದು ಮಾತು: ನಾವು "ಅವನು, ಅವನು" ಎನ್ನುತ್ತಲೇ ಇದ್ದೇವಲ್ಲ, ದಿನವಿಡೀ ಕೆಸರಿನಲ್ಲಿ ಬಗ್ಗಿ ಸೊಂಟ ನೋಯುವ ಹೆಂಗಸರೂ ಈ ಸೇಂದಿ ಕುಡಿಯುತ್ತಾರೆ. ಅವಳು ಬಿದ್ದರೆ ನಾಚಿಕೆಗೆ ಬಾಗಿಲು ಹಾಕಿಬಿಡುತ್ತೇವೆ. ಅವಳ ಉಸಿರನ್ನು ಕಾಯುವವರಾರು?

ಆದ್ದರಿಂದ ಆ ರಾತ್ರಿ ನನಗೆ ಗೊತ್ತಿರಬೇಕಾಗಿದ್ದದ್ದನ್ನು ಇಲ್ಲಿ ಬರೆಯುತ್ತೇನೆ. ಅಡುಗೆಮನೆಯ ಗೋಡೆಗೆ ಅಂಟಿಸಿಕೊಂಡರೂ ನನಗೆ ಸಂತೋಷವೇ.

ಮಲಗಿದವನನ್ನು ಹೆಸರು ಹಿಡಿದು ಜೋರಾಗಿ ಕೂಗಿ. ಬೆರಳ ಗೆಣ್ಣುಗಳಿಂದ ಎದೆಯ ನಡುಮೂಳೆಯನ್ನು ಗಟ್ಟಿಯಾಗಿ ಉಜ್ಜಿ. ನಿದ್ದೆಯಾಗಿದ್ದರೆ ಬೈಯುತ್ತಲಾದರೂ ಏಳುತ್ತಾನೆ. ಏಳದಿದ್ದರೆ ಅದು ನಿದ್ದೆಯಲ್ಲ, ಅಪಾಯ. ಗೊರಗೊರ ಸದ್ದು, ತಣ್ಣಗಾದ ಮೈ, ನೀಲಿಗಟ್ಟಿದ ತುಟಿ ಉಗುರು, ಪ್ರಜ್ಞೆಯಿಲ್ಲದೆಯೇ ವಾಂತಿ, ಫಿಟ್ಸ್, ನಿಮಿಷಕ್ಕೆ ಎಂಟಕ್ಕಿಂತ ಕಡಿಮೆ ಉಸಿರು, ಇವುಗಳಲ್ಲಿ ಒಂದಿದ್ದರೂ 108ಕ್ಕೆ ಫೋನು ಮಾಡಿ. ಬೆಳಗಾಗಲಿ ಎಂದು ಕಾಯಬೇಡಿ.

ಅಂಗಾತ ಮಲಗಿಸಬೇಡಿ. ಒಂದು ಮಗ್ಗುಲಿಗೆ ಹೊರಳಿಸಿ, ಮೇಲಿನ ಮಂಡಿಯನ್ನು ಮಡಿಸಿ ಮುಂದಕ್ಕೆ ಇಟ್ಟು, ಅವನ ಕೈಯನ್ನೇ ಕೆನ್ನೆಯ ಕೆಳಗಿಟ್ಟು, ಬಾಯಿ ನೆಲದತ್ತ ಬಾಗುವಂತೆ ಮಾಡಿ. ವಾಂತಿಯಾದರೂ ಹೊರಗೆ ಹೋಗುತ್ತದೆ, ಶ್ವಾಸನಾಳಕ್ಕೆ ಇಳಿಯುವುದಿಲ್ಲ. ಪ್ರಜ್ಞೆಯಿಲ್ಲದವನ ಬಾಯಿಗೆ ಮಜ್ಜಿಗೆ, ನಿಂಬೆರಸ, ಹುಣಸೇಹಣ್ಣಿನ ನೀರು, ಏನನ್ನೂ ಹಾಕಬೇಡಿ. ನಮ್ಮ ಅಜ್ಜಿಯರು ಹಾಕುತ್ತಿದ್ದರು ನಿಜ. ಅದು ಹೋಗುವುದು ಹೊಟ್ಟೆಗಲ್ಲ, ಪುಪ್ಪುಸಕ್ಕೆ. ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ, ತಲೆಯ ಮೇಲೆ ತಣ್ಣೀರು ಸುರಿಯಬೇಡಿ. ಗಾಡಿ ಬರುವವರೆಗೆ ಒಂಟಿಯಾಗಿ ಬಿಡಬೇಡಿ. ಉಸಿರು ನಿಂತೇಹೋದರೆ ಅಂಗಾತ ಮಾಡಿ, ಎದೆಯ ನಡುವೆ ಎರಡೂ ಕೈಯಿಂದ ಜೋರಾಗಿ, ಬೇಗಬೇಗ ಒತ್ತುತ್ತಲೇ ಇರಿ. ಹೇಗೆ ಒತ್ತಬೇಕೆಂದು 108ರವರೇ ಫೋನಿನಲ್ಲಿ ಕೇಳಿದರೆ ಹೇಳುತ್ತಾರೆ.

ಉಳಿದ ಸೇಂದಿಯ ಚೀಲ, ಮಾತ್ರೆಯ ಹಾಳೆ ಏನಿದ್ದರೂ ಜೊತೆಗೆ ಒಯ್ಯಿರಿ. ಏನು ಕುಡಿದ ಎಂದು ವೈದ್ಯರು ಕೇಳಿದರೆ ಮಾನಕ್ಕೆ ಅಂಜಿ "ಹೊಟ್ಟೆನೋವು" ಎನ್ನಬೇಡಿ. ಕಳ್ಳಭಟ್ಟಿಯಾದರೆ ಇನ್ನೊಂದು ಎಚ್ಚರ: ಅದರ ವಿಷ ಎಷ್ಟೋ ಗಂಟೆಗಳ ಮೇಲೆ ತಲೆ ಎತ್ತುತ್ತದೆ. ಮರುದಿನ ಕಣ್ಣು ಮಂಜಾಗುತ್ತಿದೆ, ಹೊಟ್ಟೆ ಕಿವುಚುತ್ತಿದೆ ಎಂದರೆ ಆ ಕ್ಷಣವೇ ಆಸ್ಪತ್ರೆಗೆ ಹೊರಡಿ.

ಬಿಡಿಸುವವರೂ ಕೇಳಿ. ದಿನವೂ ಕುಡಿಯುವವನನ್ನು ಕೋಣೆಯಲ್ಲಿ ಕೂಡಿಹಾಕಿ, ದೇವರ ಮುಂದೆ ಆಣೆ ಹಾಕಿಸಿ ಒಂದೇ ದಿನಕ್ಕೆ ಬಿಡಿಸಲು ಹೋಗಬೇಡಿ. ಆ ನಡುಕ, ಫಿಟ್ಸ್ ಜೀವವನ್ನೇ ತೆಗೆದಾವು. ವೈದ್ಯರ ಕಣ್ಣೆದುರಿಗೆ, ಔಷಧಿ ಕೊಟ್ಟು ಹಂತಹಂತವಾಗಿ ಇಳಿಸಬೇಕು. ಬಿಟ್ಟು ತಿಂಗಳಾದವನು ಮತ್ತೆ ಹಳೆಯ ಅಳತೆಗೇ ಕೈ ಹಾಕಿದರೆ ಅದೇ ಅವನ ಕೊನೆಯಾಗಬಹುದು, ಏಕೆಂದರೆ ಮೈಗೆ ಹಳೆಯ ತಾಳಿಕೆ ಉಳಿದಿರುವುದಿಲ್ಲ. ಇದನ್ನು ಅವನಿಗೇ ಹೇಳಿ. ಸಲಹೆ ಬೇಕಾದರೆ 14446 ಎಂಬ ರಾಷ್ಟ್ರೀಯ ಸಹಾಯವಾಣಿ ಇದೆ, ದುಡ್ಡು ಬೀಳುವುದಿಲ್ಲ.

ಇಷ್ಟು ಹೇಳುವುದಕ್ಕೆ ಎಷ್ಟು ಹೊತ್ತು ಹಿಡಿಯಿತು? ಒಂದು ಕುಕ್ಕರ್ ಕೂಗುವಷ್ಟು ಹೊತ್ತು. ಇದನ್ನು ನಮ್ಮ ಸ್ತ್ರೀಶಕ್ತಿ ಸಂಘದ ವಾರದ ಸಭೆಯಲ್ಲಿ ಏಕೆ ಹೇಳಬಾರದು? ಬಾಣಂತಿಯ ಆರೈಕೆ ಕಲಿಸುವ ಆಶಾ ಕಾರ್ಯಕರ್ತೆಗೆ ಇದನ್ನೂ ಏಕೆ ಕಲಿಸಬಾರದು? ಹಾವು ಕಚ್ಚಿದರೆ ಏನು ಮಾಡಬೇಕೆಂದು ಶಾಲೆಯಲ್ಲಿ ನಾನೇ ಹೇಳಿಕೊಟ್ಟಿದ್ದೇನೆ. ನಮ್ಮೂರಲ್ಲಿ ಹಾವಿಗಿಂತ ಸೇಂದಿ ಕಡಿಮೆಯೇನೂ ಕಚ್ಚುವುದಿಲ್ಲ. ಸರ್ಕಾರವನ್ನೂ ಒಂದು ಕೇಳಬೇಕು. ಬಿದ್ದವನನ್ನು ಆಸ್ಪತ್ರೆಗೆ ತಂದ ಗೆಳೆಯ ಕೇಸಿನ ಭಯಕ್ಕೆ ಬಾಗಿಲಲ್ಲೇ ಇಳಿಸಿ ಓಡುತ್ತಾನೆ. ಏನು ಕುಡಿದರೆಂದು ಹೇಳಬಲ್ಲವನು ಅವನೊಬ್ಬನೇ! ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯ 2007ರಲ್ಲೇ ಅಂಥವನಿಗೆ ಕಾನೂನಿನ ರಕ್ಷಣೆ ಕೊಟ್ಟಿತು. ಜೀವ ಉಳಿಸಲು ಬಂದವನ ಮೇಲೆ ಕೇಸಿಲ್ಲ ಎಂಬ ಮಾತನ್ನು ನಮ್ಮ ಸರ್ಕಾರವೂ ಬಾಯಿಬಿಟ್ಟು ಹೇಳಲಿ. ಮಾರುವವನನ್ನು ಹಿಡಿಯಿರಿ, ಹೊತ್ತು ತಂದವನನ್ನಲ್ಲ.

ಮುದಗಲ್ಲಿನಿಂದ ಜಿಲ್ಲಾ ಕೇಂದ್ರಕ್ಕೆ ನೂರು ಕಿಲೋಮೀಟರಿನಷ್ಟು ದಾರಿ. ಅಷ್ಟು ದೂರದ ಆಸ್ಪತ್ರೆಗೆ ಮನುಷ್ಯ ಜೀವಂತವಾಗಿ ತಲುಪಬೇಕಾದರೆ ಮೊದಲ ಅರ್ಧ ಗಂಟೆ ನಮ್ಮ ಕೈಯಲ್ಲಿರುತ್ತದೆ. ದೊಡ್ಡ ದೊಡ್ಡ ಭಾಷಣಗಳು ಆ ಅರ್ಧ ಗಂಟೆಯಲ್ಲಿ ಒಂದು ಕಾಸಿನ ಕೆಲಸಕ್ಕೂ ಬರುವುದಿಲ್ಲ. ನನ್ನದಂತೂ ಬರಲಿಲ್ಲ.

ಆಕೆ ಈಗಲೂ ನಾಟಿಗೆ ಹೋಗುತ್ತಾಳೆ. ಬಸ್‌ ನಿಲ್ದಾಣದಲ್ಲಿ ಸಿಕ್ಕರೆ "ಆರಾಮ ಅದೀರೇನ್ರೀ ಟೀಚರ್ರೀ?" ಎಂದು ಮೊದಲು ಅವಳೇ ಕೇಳುತ್ತಾಳೆ. ಮೊನ್ನೆ ತಡೆಯಲಾರದೆ ಆ ರಾತ್ರಿಯ ಮಾತು ಎತ್ತಿದೆ. ನಂದೇ ತಪ್ಪಾಯಿತವ್ವಾ ಎಂದೆ. ಆಕೆ ತುಸು ಹೊತ್ತು ಸುಮ್ಮನಿದ್ದಳು. ಆಮೇಲೆ, "ನಿಮಗೂ ಗೊತ್ತಿರಲಿಲ್ಲ ಬಿಡ್ರೀ. ಈಗ ಗೊತ್ತಾಗ್ಯದಲ್ಲ, ಉಳಿದೋರಿಗೆ ಹೇಳ್ರೀ" ಎಂದು ಬಸ್ಸು ಹತ್ತಿದಳು.

ಹೇಳಿದ್ದೇನೆ. ಇನ್ನು ಮುಂದೆ ನಿಮ್ಮ ಬಾಗಿಲನ್ನು ರಾತ್ರಿ ಯಾರಾದರೂ ಬಡಿದರೆ, ದಯವಿಟ್ಟು ಎದ್ದು ಹೋಗಿ ನೋಡಿ.