ಎರಡನೆಯ ಸರದಿ



ಕಳೆದ ವರ್ಷ ಉಂಡವಳ್ಳಿಯ ಬಯಲಿನಲ್ಲಿ ಹುಡುಗರ ಕ್ರಿಕೆಟ್ ತಂಡವನ್ನು ಆರಿಸುವಾಗ, ಚೆಂಡು ಹಿಡಿಯುವುದರಲ್ಲಿ ಬಹು ಚುರುಕಾದ ಬಾಲಕನೊಬ್ಬನನ್ನು ಕುಳ್ಳನೆಂದು ನಾನೇ ಕೈಬಿಟ್ಟೆನು. ಅವನು ಮತ್ತೆ ಆಟಕ್ಕೆ ಬರಲಿಲ್ಲ. ಆ ತಪ್ಪು ಇಂದಿಗೂ ಮನಸ್ಸನ್ನು ಕೊರೆಯುತ್ತಿದೆ.

ಭದ್ರಾವತಿಯ ಗುಂಡಪ್ಪ ವಿಶ್ವನಾಥರೂ ಕುಳ್ಳರೇ. 1967ರಲ್ಲಿ ವಿಜಯವಾಡದಲ್ಲಿ ಆಂಧ್ರದೆದುರು ಆಡಿದ ತಮ್ಮ ಮೊದಲ ರಣಜಿ ಪಂದ್ಯದಲ್ಲಿಯೇ ಅವರು ಮೈಸೂರು ತಂಡಕ್ಕಾಗಿ 230 ರನ್ನುಗಳನ್ನು ಗಳಿಸಿದರು. 1969ರಲ್ಲಿ ಕಾನ್ಪುರದ ತಮ್ಮ ಪ್ರಥಮ ಟೆಸ್ಟಿನಲ್ಲಿ ಮೊದಲು ಸೊನ್ನೆ; ಮರುಸರದಿಯಲ್ಲಿ 137! ಸೊನ್ನೆಯನ್ನಷ್ಟೇ ಕಂಡು ತೀರ್ಪಿತ್ತಿದ್ದರೆ ನಷ್ಟ ಯಾರದು?

ಆರಿಸುವವನು ಅಳೆಯಬೇಕಾದುದು ಎತ್ತರವನ್ನಲ್ಲ. ಕಣ್ಣು, ಕಾಲು, ಮಣಿಕಟ್ಟುಗಳ ಹೊಂದಾಣಿಕೆಯನ್ನು. ಎಡವಿದವನಿಗೆ ಎರಡನೆಯ ಸರದಿಯನ್ನೂ ಕೊಡಬೇಕು. ನಾಳೆ ಆ ಬಾಲಕನ ಮನೆಗೆ ನಾನೇ ಹೋಗುವೆನು.