ಲ್ಯಾಟಿನ್ ಕಪ್ ಕಲಿಸುವ ಪಾಠ

“ಆಟದಲ್ಲಿ ರಾಜಕೀಯ ಬೆರೆಸಬೇಡಿ” ಎಂಬ ಹಿತೋಪದೇಶವನ್ನು ನಾವು ಮೇಲಿಂದ ಮೇಲೆ ಕೇಳುತ್ತೇವೆ. ಹೇಳುವವರು ಬಹುಮಟ್ಟಿಗೆ ಮೈದಾನದ ಮೊದಲ ಸಾಲಿನ ಕುರ್ಚಿಗಳಲ್ಲಿ ಕುಳಿತವರೇ. ಅವರಿಗೆ ಒಂದು ಸಣ್ಣ ಚರಿತ್ರೆಯನ್ನು ನೆನಪು ಮಾಡಿಕೊಡುವುದು ನಮ್ಮ ಕರ್ತವ್ಯ.

ಎರಡನೆಯ ಮಹಾಯುದ್ಧ ಮುಗಿದು ನಾಲ್ಕು ವರ್ಷ ಕಳೆದಿತ್ತು. ಫ್ರಾನ್ಸ್, ಇಟಲಿ, ಸ್ಪೇನ್, ಪೋರ್ಚುಗಲ್ ದೇಶಗಳ ಫುಟ್‌ಬಾಲ್ ಸಂಸ್ಥೆಗಳು ಕೂಡಿ 1949ರಲ್ಲಿ ‘ಲ್ಯಾಟಿನ್ ಕಪ್’ ಪಂದ್ಯಾವಳಿಯನ್ನು ಆರಂಭಿಸಿದವು. ಏರ್ಪಾಟು ಸರಳ. ಒಂದೊಂದು ದೇಶದಿಂದ ಒಂದೊಂದು ಕ್ಲಬ್ಬು, ಸಾಮಾನ್ಯವಾಗಿ ಆ ವರ್ಷದ ಲೀಗ್ ಗೆದ್ದದ್ದು. ಎರಡು ಸೆಮಿಫೈನಲ್, ಮೂರನೆಯ ಸ್ಥಾನಕ್ಕೊಂದು ಪಂದ್ಯ, ಕೊನೆಗೆ ಫೈನಲ್.

ಮೊದಲ ವರ್ಷದ ಆಟವೇ ಸೂತಕದ ನಡುವೆ ನಡೆಯಿತು. ಆ ಮೇ 4ರಂದು ಇಟಲಿಯ ಟೊರಿನೊ ತಂಡ ಲಿಸ್ಬನ್ನಿನಿಂದ ಮರಳುತ್ತಿದ್ದ ವಿಮಾನ ಸುಪೆರ್ಗಾ ಬೆಟ್ಟಕ್ಕೆ ಬಡಿದು, 18 ಆಟಗಾರರು ಸೇರಿ 31 ಮಂದಿ ಮಡಿದಿದ್ದರು. ಆದರೂ ಟೊರಿನೊ ಹೊಸದಾಗಿ ತಂಡ ಕಟ್ಟಿ ಸ್ಪೇನಿಗೆ ಹೋಯಿತು. ಲಿಸ್ಬನ್ನಿನ ಸ್ಪೋರ್ಟಿಂಗ್‌ಗೆ ಸೋತು, ಫ್ರಾನ್ಸಿನ ರೀಮ್ಸ್ ತಂಡವನ್ನು 5-3ರಿಂದ ಗೆದ್ದು ಮೂರನೆಯ ಸ್ಥಾನ ಪಡೆಯಿತು. ಆ ಹುಡುಗರ ಧೈರ್ಯಕ್ಕೆ ನಾವು ತಲೆಬಾಗುತ್ತೇವೆ.

ಆದರೆ ಪಂದ್ಯಗಳು ನಡೆದದ್ದು ಎಲ್ಲಿ? ಜನರಲ್ ಫ್ರಾಂಕೊನ ಸ್ಪೇನಿನಲ್ಲಿ. ಮ್ಯಾಡ್ರಿಡ್‌ನಿಂದ ರಾಯಭಾರಿಗಳನ್ನು ವಾಪಸು ಕರೆಸಿಕೊಳ್ಳಿರೆಂದು ವಿಶ್ವಸಂಸ್ಥೆಯ ಮಹಾಸಭೆ 1946ರ ಡಿಸೆಂಬರಿನಲ್ಲಿ ಶಿಫಾರಸು ಮಾಡಿತ್ತು. ಅದು ರದ್ದಾದದ್ದು 1950ರಲ್ಲಿ. ಫ್ರಾನ್ಸ್ ದೇಶವಂತೂ 1946ರಿಂದ 1948ರವರೆಗೆ ಸ್ಪೇನಿನ ಗಡಿಯನ್ನೇ ಮುಚ್ಚಿತ್ತು. ರಾಯಭಾರಿ ಹೋಗಬಾರದಾಗಿದ್ದ ಊರಿಗೆ ಚೆಂಡು ಹೋಯಿತು. ಇದು ರಾಜಕೀಯವಲ್ಲದೆ ಮತ್ತೇನು?

ಇನ್ನೊಂದು ಸಂಗತಿ ಕೇಳಿ. ಆ ಜುಲೈ 3ರಂದು ಮ್ಯಾಡ್ರಿಡ್‌ನಲ್ಲಿ ಸ್ಪೋರ್ಟಿಂಗ್ ತಂಡವನ್ನು 2-1ರಿಂದ ಸೋಲಿಸಿ ಕಪ್ ಎತ್ತಿದ್ದು ಬಾರ್ಸಿಲೋನಾ. ಅದರ ಅಧ್ಯಕ್ಷನಾಗಿದ್ದ ಜೋಸೆಪ್ ಸುನ್ಯೋಲ್‌ನನ್ನು 1936ರ ಆಗಸ್ಟಿನಲ್ಲಿ ಫ್ರಾಂಕೊ ಪಕ್ಷದ ಸೈನಿಕರು ಗುಂಡಿಕ್ಕಿ ಕೊಂದಿದ್ದರು. ಹದಿಮೂರು ವರ್ಷಗಳ ಬಳಿಕ ಅದೇ ಕ್ಲಬ್ಬಿನ ಗೆಲುವು ಅದೇ ಸರ್ವಾಧಿಕಾರದ ಕಿರೀಟಕ್ಕೆ ಗರಿಯಾಯಿತು!

ಹಾಗಾದರೆ ಆಡಬಾರದಿತ್ತೇ? ಹಾಗೆಂದು ನಾವು ಹೇಳುವುದಿಲ್ಲ. ಸ್ಪೇನಿನ ಜನ ಫ್ರಾಂಕೊನನ್ನು ಮತ ಹಾಕಿ ಆರಿಸಿರಲಿಲ್ಲ. ದಣಿಯ ತಪ್ಪಿಗೆ ಆಳಿನ ಹಬ್ಬ ನಿಲ್ಲಿಸುವುದು ನ್ಯಾಯವಲ್ಲ. 1950ರಲ್ಲಿ ಸಾಲಜಾರನ ಪೋರ್ಚುಗಲ್ಲಿನಲ್ಲಿ ಬೆನ್‌ಫಿಕಾ-ಬೋರ್ಡೋ ಫೈನಲ್ 3-3ರಲ್ಲಿ ನಿಂತು, ಮರುಪಂದ್ಯದಲ್ಲಿ 146ನೆಯ ನಿಮಿಷದಲ್ಲಿ ಬೆನ್‌ಫಿಕಾದ ಗೆಲುವಿನ ಗೋಲು ಬಂದಾಗ, ಆ ಸಂತೋಷ ನೋಡಿದ ಜನರದು, ಸಾಲಜಾರನದಲ್ಲ. ಆಡಲಿ. ಆದರೆ ಆತಿಥ್ಯ ನೀಡುವ ಕೈಯಲ್ಲಿ ರಕ್ತವಿದ್ದರೆ ಅದನ್ನು ಕಂಡೂ ಕಾಣದಂತೆ ಇರಬಾರದು, ಇಷ್ಟೇ ನಮ್ಮ ವಾದ.

ಲ್ಯಾಟಿನ್ ಕಪ್ ಬಹುಕಾಲ ಬಾಳಲಿಲ್ಲ. 1954ರಲ್ಲಿ ಒಮ್ಮೆ ಬಿಟ್ಟುಹೋಗಿ, 1957ರವರೆಗೆ ಎಂಟು ಬಾರಿ ಮಾತ್ರ ನಡೆಯಿತು. ಬಾರ್ಸಿಲೋನಾ, ಮಿಲಾನ್, ರಿಯಲ್ ಮ್ಯಾಡ್ರಿಡ್ ಎರಡೆರಡು ಸಲ, ಬೆನ್‌ಫಿಕಾ ಮತ್ತು ರೀಮ್ಸ್ ಒಂದೊಂದು ಸಲ ಗೆದ್ದವು. 1955ರಲ್ಲಿ ಫ್ರಾನ್ಸಿನ ‘ಲೆಕಿಪ್’ ಪತ್ರಿಕೆಯ ಪ್ರಯತ್ನದಿಂದ ಯುರೋಪಿಯನ್ ಕಪ್ ಹುಟ್ಟಿತು. ಅದರ ಮೊದಲ ವರ್ಷವೇ ಹದಿನಾರು ಕ್ಲಬ್ಬುಗಳಿದ್ದವು. ನಾಲ್ಕು ಮನೆಗಳ ಔತಣ ಊರಹಬ್ಬದ ಮುಂದೆ ನಿಲ್ಲಲಾರದೆ ಹೋಯಿತು. ಬಾಗಿಲು ಅಗಲವಾದದ್ದರಿಂದ ಬಂದ ಈ ಸಾವಿಗೆ ನಾವು ಮರುಗುವುದಿಲ್ಲ.

ಮರುಗಬೇಕಾದದ್ದು ಬಾಗಿಲು ಮುಚ್ಚಹೊರಟಾಗ. 2021ರ ಏಪ್ರಿಲ್ 18ರಂದು ಯುರೋಪಿನ ಹನ್ನೆರಡು ಸಿರಿವಂತ ಕ್ಲಬ್ಬುಗಳು ‘ಸೂಪರ್ ಲೀಗ್’ ಘೋಷಿಸಿದವು. ಸ್ಥಾಪಕರ ಸ್ಥಾನ ಶಾಶ್ವತ, ಸೋತರೂ ಎಬ್ಬಿಸುವವರಿಲ್ಲ. ಅಭಿಮಾನಿಗಳು ಬೀದಿಗಿಳಿದರು. ಎರಡೇ ದಿನಗಳಲ್ಲಿ ಇಂಗ್ಲೆಂಡಿನ ಆರೂ ಕ್ಲಬ್ಬುಗಳು ಹಿಂದೆ ಸರಿದವು. ಮಾಲೀಕರು ಬಾಗಿಲು ಹಾಕಿದರೆ ಅದು ವ್ಯವಹಾರ, ಜನ ಬಾಗಿಲು ತಟ್ಟಿದರೆ ಅದು ರಾಜಕೀಯ ಎನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕೇ?

ಆಟದಲ್ಲಿ ರಾಜಕೀಯ ಮೊದಲಿನಿಂದಲೂ ಇದೆ. ಅದು ಕುರ್ಚಿಯವರದೋ, ಗ್ಯಾಲರಿಯವರದೋ ಎಂಬುದೊಂದೇ ಪ್ರಶ್ನೆ. ನಾವು ಗ್ಯಾಲರಿಯ ಕಡೆಗೆ.