ಬಾಯಿ ಮಾತಾಡಿದಾಗ

ನಿಪ್ಪಾಣಿ ಅಂದ ಕೂಡಲೇ ಮುಂಬಯಿ, ಪುಣೆಯ ಕನ್ನಡಿಗರಾದ ನಮಗೆ ನೆನಪಾಗುವುದು ಗಡಿ ತಂಟೆ. ಬಸ್ಸಿನಲ್ಲಿ ಊರಿಗೆ ಹೊರಟವರಿಗೆ ಅದು ಕರ್ನಾಟಕ ಬಂತು ಎನ್ನುವ ಗುರುತು. ಆ ಊರಿನ ತಂಬಾಕು ಕಾರ್ಖಾನೆಗಳಲ್ಲಿ ದುಡಿಯುವ ಹೆಂಗಸರ ಮೇಲೆ 1982ರಲ್ಲೇ ಒಂದು ಸಾಕ್ಷ್ಯಚಿತ್ರ ಬಂದಿತ್ತು, ಅದನ್ನು ತೆಗೆದವರು ಬೆಂಗಳೂರಿನವರು ಎಂಬುದನ್ನು ನಮ್ಮ ಕನ್ನಡ ಸಂಘಗಳ ವೇದಿಕೆಯಲ್ಲಿ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ಚಿತ್ರದ ಹೆಸರು ‘ತಂಬಾಕು ಚಾಕಿಲಾ ಊಬ್ ಆಲಿ’. ತೆಗೆದದ್ದು ‘ಯುಗಾಂತರ್’ ಎಂಬ ಬಳಗ. ದೀಪಾ ಧನರಾಜ್, ಅಭಾ ಭಯ್ಯಾ, ಮೀರಾ ರಾವ್, ಛಾಯಾಗ್ರಾಹಕ ನವರೋಜ್ ಕಂಟ್ರಾಕ್ಟರ್ ಸೇರಿ 1980ರಲ್ಲಿ ಕಟ್ಟಿದ್ದು. ಆಗೆಲ್ಲ ಸಾಕ್ಷ್ಯಚಿತ್ರ ಎಂದರೆ ಥೇಟರಿನಲ್ಲಿ ಸಿನಿಮಾಕ್ಕೆ ಮೊದಲು ಓಡಿಸುವ ಫಿಲ್ಮ್ಸ್ ಡಿವಿಷನ್ ರೀಲು; ಗಂಭೀರ ಗಂಡಸಿನ ದನಿ ದೇಶದ ಪ್ರಗತಿಯನ್ನು ವಿವರಿಸುತ್ತಿತ್ತು, ನಾವು ಹೊರಗೆ ಶೇಂಗಾ ತಿನ್ನುತ್ತಿದ್ದೆವು. ಯುಗಾಂತರ್‌ನವರು ದುಡಿಯುವ ಹೆಂಗಸರಿಗೇ ಮಾತು ಬಿಟ್ಟುಕೊಟ್ಟರು. ನಿಪ್ಪಾಣಿಯಲ್ಲಿ ಮೊದಲೇ ನಡೆದುಹೋಗಿದ್ದ ಹೋರಾಟದ ಪ್ರಸಂಗಗಳನ್ನು ಆ ಹೆಂಗಸರೇ ಕ್ಯಾಮೆರಾದೆದುರು ಮತ್ತೆ ಆಡಿ ತೋರಿಸಿದರು. ಇದು ಸಾಕ್ಷ್ಯವೋ ನಾಟಕವೋ ಎಂದು ಪಂಡಿತರು ಜಗಳಾಡಲಿ. ತಂಬಾಕಿನ ಧೂಳು ಕುಡಿದವರೇ ಮಾಡಿದ ನಾಟಕ, ನನಗಂತೂ ಅಷ್ಟು ಸಾಕು.

ಅದಕ್ಕೂ ಒಂದು ವರ್ಷ ಮೊದಲಿನದು ‘ಮೋಲಕರೀಣ್’. ನಮ್ಮನ್ನು ಹೆಚ್ಚು ಚುಚ್ಚುವುದು ಇದೇ. ಅರ್ಧ ಗಂಟೆಯೂ ಇಲ್ಲದ ಮರಾಠಿ ಚಿತ್ರ. ಪುಣೆಯ ಮನೆಗೆಲಸದ ಹೆಂಗಸರು 1980ರಲ್ಲಿ ಮುಷ್ಕರ ಹೂಡಿ, ಸಂಘಟನೆ ಕಟ್ಟಿದ್ದರು. ಕೇಳಿದ್ದೇನು? ಪಗಾರ ಸ್ವಲ್ಪ ಏರಲಿ, ರಜೆ ಹಾಕಿದರೆ ದುಡ್ಡು ಮುರಿಯಬೇಡಿ, ಕಾರಣ ಹೇಳದೆ ನಾಳೆಯಿಂದ ಬರಬೇಡ ಅನ್ನಬೇಡಿ. ನಾಲ್ಕು ದಶಕ ಕಳೆದರೂ ನಮ್ಮ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಜಗಳ ನಡೆಯುವುದು ಇದೇ ಮೂರು ಮಾತಿಗೆ. ಮೊನ್ನೆ ಒಬ್ಬರು, ಯಾರೂ ಹೆಚ್ಚು ಕೊಟ್ಟು ‘ರೇಟು ಕೆಡಿಸಬಾರದು’ ಎಂದು ಬರೆದರು. ಹನ್ನೊಂದು ಮಂದಿ ಹೆಬ್ಬೆರಳು ಎತ್ತಿದರು. ಅದರಲ್ಲಿ ಕನ್ನಡದ ಹೆಬ್ಬೆರಳುಗಳೂ ಇದ್ದವು.

ಮನೆಗೆಲಸದವಳನ್ನು ಇಲ್ಲಿ ‘ಬಾಯಿ’ ಅನ್ನುತ್ತೇವೆ. ಕನ್ನಡದಲ್ಲಿ ಆ ಪದಕ್ಕಿರುವ ಅರ್ಥ ನೋಡಿದರೆ ತಮಾಷೆಯೇ, ಏಕೆಂದರೆ ಅವಳು ಬಾಯಿ ತೆರೆಯುವುದು ನಮಗೆ ಬೇಡ. ಮುಂಬಯಿ, ಪುಣೆ, ಹೈದರಾಬಾದಿಗೆ ಕಲಬುರಗಿ, ಯಾದಗಿರಿ ಕಡೆಯಿಂದ ದುಡಿಯಲು ಬಂದವರು ಕಡಿಮೆಯೇನಲ್ಲ. ಕಟ್ಟಡದ ಕೆಲಸಕ್ಕೆ ಗಂಡ, ಪಾತ್ರೆ ಬಟ್ಟೆಗೆ ಹೆಂಡತಿ. ಅವರೂ ಹೊರನಾಡ ಕನ್ನಡಿಗರೇ. ಆದರೆ ನಮ್ಮ ರಾಜ್ಯೋತ್ಸವದ ಆಮಂತ್ರಣ ಅವರ ಬಸ್ತಿಯವರೆಗೆ ಹೋಗುವುದಿಲ್ಲ.

ಹೈದರಾಬಾದಿನ ಓದುಗರು ಇದೇ ಬಳಗ 1983ರಲ್ಲಿ ಸ್ತ್ರೀ ಶಕ್ತಿ ಸಂಘಟನೆಯೊಂದಿಗೆ ತೆಲುಗಿನಲ್ಲಿ ಮಾಡಿದ ‘ಇದಿ ಕಥಾ ಮಾತ್ರಮೇನಾ’ ನೋಡಬೇಕು. ಮನೆಯೊಳಗಿನ ಹೊಡೆತದ ಕಥೆ. ದೀಪಾ ಮುಂದೆ ಆ ಊರಿನ 1984ರ ಗಲಭೆಯ ಮೇಲೂ, ರೋಹಿತ್ ವೇಮುಲ ಸಾವಿನ ನಂತರದ ಚಳವಳಿಯ ಮೇಲೂ ಚಿತ್ರ ಮಾಡಿದರು. ಯುಗಾಂತರ್‌ನ ಹಳೆಯ ರೀಲುಗಳನ್ನು ಬರ್ಲಿನ್ನಿನ ಆರ್ಸೆನಲ್ ಸಂಸ್ಥೆ ಡಿಜಿಟಲ್ ರೂಪಕ್ಕೆ ತಂದು ಉಳಿಸಿದೆ. ನಿಪ್ಪಾಣಿಯನ್ನು ಉಳಿಸಲು ಜರ್ಮನಿ ಬೇಕಾಯಿತು, ಇರಲಿ.

‘ಮೋಲಕರೀಣ್’ ಪ್ರದರ್ಶನ ಇಡೋಣ ಎಂದು ನಮ್ಮ ಸಂಘದ ಸಭೆಯಲ್ಲಿ ಕೇಳಿದೆ. ‘ಕನ್ನಡ ಸಂಘದಲ್ಲಿ ಮರಾಠಿ ಚಿತ್ರ ಯಾಕ್ರೀ?’ ಎಂದರು ಹಿರಿಯರೊಬ್ಬರು. ತೆಗೆದವರು ಬೆಂಗಳೂರಿನವರು ಎಂದ ಮೇಲೆ ಒಪ್ಪಿದರು, ಭಾನುವಾರ ಬೆಳಿಗ್ಗೆ ಇಟ್ಟುಕೊಳ್ಳೋಣ ಎಂದೂ ಹೇಳಿದರು. ನಮ್ಮ ಮನೆಗೆ ಬರುವ ಶಾಂತಮ್ಮನನ್ನು ಕೇಳಿದರೆ ನಕ್ಕಳು. ‘ಭಾನುವಾರ ನಿಮಗ ರಜಾ ರೀ ಅಕ್ಕಾ, ನಮಗ ಡಬಲ್ ಕೆಲಸ. ಮಧ್ಯಾಹ್ನ ಎರಡರಿಂದ ನಾಕರೊಳಗ ಇಟ್ರ ಬರ್ತೀವಿ.’

ಹಾಲು ಆ ಹೊತ್ತಿಗೆ ಸಿಗುತ್ತದೆಯೇ ಎಂದು ವಿಚಾರಿಸುತ್ತಿದ್ದೇನೆ.